ಎಡಗಡೆ ಮೇಲಿನ ದ್ವೀಪ

2022ರ ಮಾರ್ಚ್ 12, ಶನಿವಾರ, ಬೆಳಗ್ಗೆ ಹತ್ತು ನಲವತ್ತು. ರಾಕ್‌ವಿಲ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ ದೋಸೆ ಹಿಟ್ಟು ಎರಡನೆಯ ದಿನವೂ ಉಬ್ಬದೆ ಹಟ ಹಿಡಿದು ಕೂತಿತ್ತು. ಆಗ ಅಂಕಲ್ ಫೋನ್ ಮಾಡಿ ತಮ್ಮ ದ್ವೀಪವನ್ನು ಹುಡುಕಿಕೊಡಬೇಕು ಎಂದರು. ಡೈರಿಯಲ್ಲಿ ಎರಡೂ ಒಂದೇ ಸಾಲಿನಲ್ಲಿವೆ: "ಹಿಟ್ಟು ಹುದುಗಿಲ್ಲ. ಅಂಕಲ್ ದ್ವೀಪ ಕೇಳಿದರು."

ಈ ಅಂಕಲ್ ನನಗೆ ಸಂಬಂಧಿಕರಲ್ಲ. ಕರಾವಳಿಯವರು. ಅರವತ್ತರ ದಶಕದಲ್ಲಿ ಭೂವಿಜ್ಞಾನ ಓದಲು ಈ ದೇಶಕ್ಕೆ ಬಂದು, ಮೇರಿಲ್ಯಾಂಡ್‌ನಲ್ಲಿ ನೆಲೆಸಿ, ಕೆಲಸದಿಂದ ನಿವೃತ್ತರಾಗಿ, ಮಾತಿನಿಂದ ನಿವೃತ್ತರಾಗದೆ ಉಳಿದವರು. ನಾನು ಓದಲು ಬಂದ ಮೊದಲ ಚಳಿಗಾಲದಲ್ಲಿ ಅವರ ಹೆಂಡತಿ, ಅಂದರೆ ಆಂಟಿ, ನನ್ನ ತೆಳು ಜಾಕೆಟ್ ನೋಡಿ ತಮ್ಮ ಕೋಟು ತಂದು ಹೊದಿಸಿದ್ದರು. ಅಂದಿನಿಂದ ನನ್ನ ಭಾನುವಾರದ ಊಟ ಅವರ ಮನೆಯಲ್ಲಿ. ಊಟದ ಕೊನೆಗೆ ಮಜ್ಜಿಗೆ, ಮಜ್ಜಿಗೆಯ ಜೊತೆಗೆ ದ್ವೀಪದ ಕಥೆ.

ಕಥೆ ಇಷ್ಟು. ವಿದ್ಯಾರ್ಥಿಯಾಗಿದ್ದಾಗ, ಮದುವೆಯಾದ ಹೊಸತರಲ್ಲಿ, ಒಂದು ಬೇಸಿಗೆ ಅಂಕಲ್ ಕೆನಡಾ ಗಡಿಯ ಸರೋವರಗಳ ಕಾಡಿಗೆ ನಕ್ಷೆ ಮಾಡುವವರ ತಂಡದೊಂದಿಗೆ ಹೋಗಿದ್ದರು. ಅಲ್ಲಿ ನೆಲಕ್ಕಿಂತ ನೀರು ಹೆಚ್ಚು. ರಸ್ತೆಯಿಲ್ಲ. ಒಂದು ಸರೋವರ ಮುಗಿದರೆ ದೋಣಿಯನ್ನು ತಲೆಯ ಮೇಲೆ ಹೊತ್ತು ಕಾಡು ದಾಟಿ ಮುಂದಿನ ಸರೋವರಕ್ಕೆ ಇಳಿಸಬೇಕು. ನಕ್ಷೆಯ ಕರಡನ್ನು ವಿಮಾನದಿಂದ ತೆಗೆದ ಫೋಟೋ ನೋಡಿ ಕಚೇರಿಯಲ್ಲಿ ಮೊದಲೇ ಬರೆದಿರುತ್ತಿದ್ದರು. ಆ ಕರಡು ಹಾಳೆಯನ್ನು ಹಲಗೆಗೆ ಅಂಟಿಸಿಕೊಂಡು ಜಾಗಕ್ಕೇ ಹೋಗಿ, ತೊರೆ ಎಲ್ಲಿದೆ, ಕಾಲುದಾರಿ ಎಲ್ಲಿದೆ, ಗುಡಿಸಲು ಇದೆಯೋ ಬಿದ್ದಿದೆಯೋ ಎಂದು ನೋಡಿ ತಿದ್ದುವುದು ತಂಡದ ಕೆಲಸ. ತಂಡಕ್ಕೊಬ್ಬ ಮುಖ್ಯಸ್ಥ. ಅಂಕಲ್ ಸಹಾಯಕ, ಎಂದರೆ ದೋಣಿಯ ಕೆಳಗೆ ಕಾಣುತ್ತಿದ್ದ ಎರಡು ಕಾಲು.

ಒಂದು ಮಂಜಿನ ಬೆಳಗ್ಗೆ, ಗಡಿರೇಖೆ ಹಾದುಹೋಗುವ ದೊಡ್ಡ ಸರೋವರದಲ್ಲಿ, ಅಂಕಲ್‌ಗೆ ದೂರದಲ್ಲಿ ಒಂದು ದ್ವೀಪ ಕಂಡಿತು. ಕರಡಿನಲ್ಲಿ ಅದು ಇರಲಿಲ್ಲ. ಮುಖ್ಯಸ್ಥನಿಗೆ ಹೇಳಿದರು. ಅವನು ಕಣ್ಣು ಕಿರಿದು ಮಾಡಿ ನೋಡಿ, ಅಲ್ಲೇನೂ ಇಲ್ಲ, ಹುಟ್ಟು ಹಾಕು ಎಂದ. ಕೆಲವು ವರ್ಷಗಳ ನಂತರ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅಚ್ಚಾದ ನಕ್ಷೆ ತೆಗೆದು ನೋಡಿದರೆ, ದ್ವೀಪ ಅಲ್ಲಿತ್ತು.

"ಬಾಯಲ್ಲಿ ಇಲ್ಲ ಅಂದ ಮನುಷ್ಯ, ನಕ್ಷೆಯಲ್ಲಿ ಹೌದು ಅಂದ. ನನ್ನ ಮಾತು ನಂಬಿದ ನೋಡು!" ಎಂದು ಅಂಕಲ್ ಕಥೆ ಮುಗಿಸುತ್ತಿದ್ದರು. ಹೊಸ ಕೇಳುಗರಿದ್ದರೆ, ನನ್ನ ಕಡೆ ಕೈ ತೋರಿಸಿ, ಒಂದು ಸಾಲು ಹೆಚ್ಚು: "ಗಡಿಯಿಂದ ಈಚೆಗೆ ಉಂಟು. ಅಂದರೆ ಅಮೆರಿಕಕ್ಕೆ ನಾನು ಭೂಮಿ ಸೇರಿಸಿದವ. ಈ ಹುಡುಗಿಗೆ ಒಂದು ಗ್ರೀನ್ ಕಾರ್ಡ್ ಕೊಡ್ಲಿಕ್ಕೆ ಇವರಿಗೆ ಆಗುವುದಿಲ್ಲ!"

ಆ ಕಥೆಯ ಲೆಕ್ಕ ನನ್ನ ಡೈರಿಯಲ್ಲಿದೆ. 2020ರ ಯುಗಾದಿಯಂದು, ಎಲ್ಲರೂ ಮನೆಯೊಳಗೆ ಕೂತು ಜೂಮ್‌ನಲ್ಲಿ ಬೇವುಬೆಲ್ಲ ತೋರಿಸಿಕೊಂಡಾಗ, ದ್ವೀಪ ಅವರ ಮನೆಯ ಹಾಲ್‌ನಷ್ಟಿತ್ತು. ಅದೇ ವರ್ಷದ ದೀಪಾವಳಿಗೆ ದೇವಸ್ಥಾನದ ಪಾರ್ಕಿಂಗ್ ಲಾಟಿನಷ್ಟಾಯಿತು. 2021ರ ಗಣೇಶ ಚೌತಿಗೆ ಅದರ ಮೇಲೆ ಪೈನ್ ಮರಗಳು ಬೆಳೆದವು. ಕ್ರಿಸ್‌ಮಸ್ ರಜೆಗೆ ಕರಡಿ ಬಂತು.

"ಕರಡಿಗೆ ರೇಷನ್ ಕಾರ್ಡು ಮಾಡಿಸ್ಲಿಲ್ವಾ ಮಾರಾಯ್ರೆ?" ಎಂದು ಆಂಟಿ ಅಡುಗೆಮನೆಯಿಂದ ಕೇಳಿದರು.

ಆಂಟಿ ಆ ದ್ವೀಪವನ್ನು ಒಂದು ದಿನವೂ ನಂಬಿದವರಲ್ಲ. ಲೈಬ್ರರಿಯಲ್ಲಿ ಅಂಕಲ್ ನಕ್ಷೆ ನೋಡಿದ ದಿನ ಅವರು ಮನೆಯಲ್ಲಿ ಮಗುವಿನ ಜ್ವರ ನೋಡುತ್ತಿದ್ದರು. ಆಮೇಲೆ ಬಂದ ನಕ್ಷೆಗಳಲ್ಲೆಲ್ಲ ಬರೀ ನೀರು. ಅಂಕಲ್‌ಗೆ ಮಾತ್ರ ಒಂದೇ ಆಸೆ: ಆಂಟಿಯನ್ನು ಆ ಸರೋವರಕ್ಕೆ ಕರೆದುಕೊಂಡು ಹೋಗಬೇಕು. ಮದುವೆಯಾದಾಗಿನಿಂದ ಕರೆಯುತ್ತಿದ್ದರು. ಸೊಳ್ಳೆ, ಚಳಿ, ಬಾತ್‌ರೂಮ್ ಎಂಬ ಮೂರು ಕಾರಣಗಳಿಗೆ ಆಂಟಿ ಬೇಡ ಎನ್ನುತ್ತಿದ್ದರು. ಯಾವಾಗಲೋ ಬೇಸತ್ತು, "ಮೊದಲು ಆ ದ್ವೀಪ ಮ್ಯಾಪಿನಲ್ಲಿ ತೋರಿಸಿ, ಆಮೇಲೆ ಬರ್ತೇನೆ," ಎಂದಿದ್ದರು. ಅಷ್ಟಕ್ಕೇ ವಿಷಯ ದಶಕಗಳ ಕಾಲ ನಿಂತಿತ್ತು.

ಮಾರ್ಚಿನ ಆ ಶನಿವಾರ ಅಂಕಲ್‌ನ ದನಿಯಲ್ಲಿ ಕರಡಿ ಇರಲಿಲ್ಲ.

"ಮೇ ತಿಂಗಳಿಗೆ ಎಂಬತ್ತು ಆಗ್ತದಮ್ಮ. ಎಡದ ಮೊಣಕಾಲು ಈ ವರ್ಷ ತಡೀತದೆ ಅಂತ ಡಾಕ್ಟರ್ ಹೇಳಿದ. ಮುಂದಿನ ವರ್ಷದ ಗ್ಯಾರಂಟಿ ಇಲ್ಲ. ದೋಣಿಗೆ ಹತ್ತಬೇಕಾದರೆ ಈ ಬೇಸಿಗೆ. ನಿನ್ನ ಕೆಲಸವೇ ಹಳೇ ಮ್ಯಾಪಿನದ್ದಲ್ವಾ? ಒಂದು ಸಲ ನೋಡು."

ನನ್ನ ಕೆಲಸ ಹಳೆಯ ಮ್ಯಾಪಿನದ್ದೇ. ವಾಷಿಂಗ್ಟನ್‌ನ ಒಂದು ಸಣ್ಣ ಖಾಸಗಿ ಕಂಪನಿಯಲ್ಲಿ, ವಾರಕ್ಕೆ ಎರಡು ದಿನ ಮೆಟ್ರೋ ಹಿಡಿದು ಹೋಗಿ, ಉಳಿದ ದಿನ ಮನೆಯಿಂದಲೇ, ಸ್ಕ್ಯಾನ್ ಆದ ಹಳೆಯ ನಕ್ಷೆಗಳನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುತ್ತೇನೆ. ಹಾಸಿಗೆಗೆ ಬೆಡ್‌ಶೀಟ್ ಹಾಕಿದ ಹಾಗೆ: ಒಂದು ಮೂಲೆ ಎಳೆದರೆ ಇನ್ನೊಂದು ಮೂಲೆ ಎದ್ದು ಬರುತ್ತದೆ. ಹಳೆಯದರಲ್ಲಿ ಇದ್ದದ್ದು ಈಗಲೂ ಇದೆಯೇ ಎಂದು ಗುರುತು ಹಾಕಬೇಕು. ನಮ್ಮಲ್ಲಿ ದ್ವೀಪಕ್ಕೆ ಮೂರು ಸ್ಥಿತಿಗಳು: ಇದೆ, ಇಲ್ಲ, ಖಚಿತವಿಲ್ಲ. ಮೂರನೆಯದನ್ನು ಒತ್ತಿದರೆ ಅದರ ಮೇಲೆ ಒಂದು ಮೀಟಿಂಗ್ ಆಗುತ್ತದೆ. ಆದ್ದರಿಂದ ನಮ್ಮ ಕಂಪನಿ ಮುಟ್ಟಿದ ಜಾಗದಲ್ಲೆಲ್ಲ ಜಗತ್ತು ಬಹಳ ಖಚಿತವಾಗಿದೆ.

ಗಡಿಯ ಸರೋವರಗಳು ನನ್ನ ಪಾಲಿನವಲ್ಲ. ನನ್ನದು ಕೆರೊಲೈನಾದ ಹೊಗೆಸೊಪ್ಪಿನ ಹೊಲಗಳು. ಆದರೆ ಆ ನಕ್ಷೆಗಳೆಲ್ಲ ಸಾರ್ವಜನಿಕ. ಯಾರು ಕೇಳಿದರೂ ಸಿಗುತ್ತವೆ, ಯಾರೂ ಕೇಳುವುದಿಲ್ಲ, ಅಷ್ಟೆ. ಸಂಜೆ ಹೊತ್ತು ಹುಡುಕಿದೆ. ಇತ್ತೀಚಿನ ನಕ್ಷೆಯಲ್ಲಿ ಆ ಸರೋವರ ಇಸ್ತ್ರಿ ಮಾಡಿದಂತೆ ಖಾಲಿ. ಉಪಗ್ರಹ ಚಿತ್ರದಲ್ಲಿಯೂ ನೀರು, ನೀರಿನ ಮೇಲೆ ಮೋಡದ ನೆರಳು. ಅದರ ಹಿಂದಿನ ಆವೃತ್ತಿಯೂ ಖಾಲಿ. ಮೊದಲನೆಯ ಆವೃತ್ತಿ ಬೇರೆ ಹೆಸರಿನಡಿ ಸೇರಿಹೋಗಿತ್ತು. ಅದು ಸಿಕ್ಕಿದ್ದು ಏಪ್ರಿಲ್ ಮೊದಲ ವಾರ.

ಹಾಳೆಯ ಎಡಗಡೆ ಮೇಲಿನ ಮೂಲೆ. ಗಡಿರೇಖೆಯ ಕೆಳಗೆ, ಕೂದಲೆಳೆಯಷ್ಟು ಈಚೆಗೆ, ಒಂದು ದ್ವೀಪ. ಉದ್ದಗೋಲದ ತೀರ, ಒಂದು ತುದಿಯಲ್ಲಿ ಚಿಕ್ಕ ಬಾಲದಂಥ ಚಾಚು. ಒಳಗೆ ಎತ್ತರ ತೋರಿಸುವ ಒಂದೇ ಒಂದು ಗೆರೆ: ಎಂದರೆ ನಡುವೆ ಸ್ವಲ್ಪ ಉಬ್ಬಿದ ನೆಲ. ಮರಗಳ ಗುರುತಿಲ್ಲ. ಕರಡಿಗೆ ಸಂಕೇತವೇ ಇಲ್ಲ.

ಫೋನ್ ಮಾಡಿ ಅಂಕಲ್‌ಗೆ ಹೇಳಿದೆ. "ಅವಳಿಗೆ ಈಗ ಹೇಳಬೇಡ. ಎಲ್ಲರ ಎದುರು ತೋರಿಸುವ," ಎಂದರು. ಮರುಕ್ಷಣ, ಗುಟ್ಟಿನಲ್ಲಿರಲಿ ಎಂಬ ಸೂಚನೆಯೊಂದಿಗೆ, ಸುದ್ದಿಯನ್ನು ಇನ್ನೂರು ಜನರಿರುವ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಆಂಟಿ ವಾಟ್ಸ್ಯಾಪ್ ಇಟ್ಟುಕೊಂಡಿಲ್ಲದ್ದರಿಂದ ಗುಟ್ಟು ಉಳಿಯಿತು.

ಅಲ್ಲಿಂದ ದ್ವೀಪ ಸಂಘದ ಪಾಲಾಯಿತು. ನಮ್ಮ ಕಡೆಯ ಕನ್ನಡದವರ ಸಂಘಕ್ಕೆ ಎರಡು ವರ್ಷದಿಂದ ಸನ್ಮಾನಿಸಲು ಯಾರೂ ಸಿಕ್ಕಿರಲಿಲ್ಲ. ತಂದಿಟ್ಟ ಶಾಲುಗಳು ಕಾರ್ಯದರ್ಶಿಯವರ ಬೇಸ್‌ಮೆಂಟಿನಲ್ಲಿ ಹಾಗೇ ಇದ್ದವು. ಮೂರು ಜೂಮ್ ಸಭೆಗಳು ನಡೆದವು. ನಕ್ಷೆಯ ಪ್ರಿಂಟ್ ನನ್ನ ಬಳಿ ಇದ್ದದ್ದರಿಂದ ನನ್ನನ್ನೂ ಸೇರಿಸಿಕೊಂಡರು. ಮೊದಲ ಸಭೆ ಮೈಸೂರು ಪೇಟದ ಸೈಜಿನ ಬಗ್ಗೆ. ಎರಡನೆಯದು ಕೇಕಿನ ಬಗ್ಗೆ. ಮೂರನೆಯದರಲ್ಲಿ ಫಲಕದ ಮೇಲೆ ಏನು ಕೆತ್ತಿಸಬೇಕೆಂಬ ಚರ್ಚೆ.

"'ದ್ವೀಪ ಶೋಧಕ' ಅಂದ್ರೆ ಸ್ವಲ್ಪ ಪ್ಲೇನ್ ಆಗತ್ತಲ್ವಾ?" ಎಂದರು ಕಾರ್ಯದರ್ಶಿ. ಬೆಂಗಳೂರಿನವರು, ಪ್ರತಿ ವಾಕ್ಯವನ್ನೂ ಸ್ಕ್ರೀನ್ ಶೇರ್ ಮಾಡಿ ಹೇಳುವವರು. "'ದ್ವೀಪ ಪಿತಾಮಹ' ಅಂತ ಹಾಕ್ಸಿದ್ರೆ ಇಂಪ್ಯಾಕ್ಟ್ ಇರತ್ತೆ. ಆಲ್ ಇನ್ ಫೇವರ್?"

"ಸರ್, ಈಗಿನ ಮ್ಯಾಪಲ್ಲಿ ಆ ದ್ವೀಪ ಇಲ್ಲ," ಎಂದು ನಾನು ಕೈಯೆತ್ತಿ ಹೇಳಿದೆ.

"ಯೂ ಆರ್ ಆನ್ ಮ್ಯೂಟ್ ಅಮ್ಮ," ಎಂದರು. ನಾನು ಮ್ಯೂಟ್‌ನಲ್ಲಿರಲಿಲ್ಲ. ನಿರ್ಣಯ ಅಂಗೀಕಾರವಾಯಿತು.

ಮೇ 21, ಶನಿವಾರ, ಒಂದು ಶಾಲೆಯ ಕೆಫೆಟೀರಿಯಾದಲ್ಲಿ ಕಾರ್ಯಕ್ರಮ. ಮುಖ್ಯ ಅತಿಥಿಗಳು ಅಟ್ಲಾಂಟಾದಿಂದ ಹತ್ತು ಗಂಟೆ ಡ್ರೈವ್ ಮಾಡಿಕೊಂಡು ಬಂದ ನಿವೃತ್ತ ವೈದ್ಯರು. ಅವರು ದ್ವೀಪಗಳು ಮತ್ತು ಮಾನವ ಜೀವನ ಎಂಬ ವಿಷಯದ ಮೇಲೆ ಮಾತಾಡಿ, ಮನುಷ್ಯ ಒಂದು ದ್ವೀಪವಲ್ಲ ಎಂದು ಒಂದು ಸಲವೂ, ಮನುಷ್ಯ ಒಂದು ದ್ವೀಪ ಎಂದು ಎರಡು ಸಲವೂ ಹೇಳಿದರು. ನೀಲಿ ಕ್ರೀಮಿನ ಕೇಕು ಬಂತು, ಮಧ್ಯೆ ಚಾಕೊಲೇಟಿನ ದ್ವೀಪ, ಅದರ ಮೇಲೆ ಪ್ಲಾಸ್ಟಿಕ್ ತೆಂಗಿನ ಮರ. ಕೆನಡಾ ಗಡಿಯಲ್ಲಿ ತೆಂಗು ಬೆಳೆದದ್ದನ್ನು ಯಾರೂ ಪ್ರಶ್ನಿಸಲಿಲ್ಲ. ಪಕ್ಕದಲ್ಲಿದ್ದ ಅಂಕಲ್‌ನ ಮೊಮ್ಮಗಳು ಮಾತ್ರ, "ಅಜ್ಜ, ಇದು ಹವಾಯಿನಾ?" ಎಂದು ಕೇಳಿದಳು.

ಕೊನೆಗೆ ಚೌಕಟ್ಟು ಹಾಕಿಸಿದ ನಕ್ಷೆಯ ಮೇಲಿನ ರೇಷ್ಮೆ ಬಟ್ಟೆ ತೆಗೆದರು. ಅಂಕಲ್ ಪೇಟ ಸರಿಮಾಡಿಕೊಂಡು ಆಂಟಿಯನ್ನೇ ನೋಡುತ್ತಿದ್ದರು. ಆಂಟಿ ಕನ್ನಡಕ ಹಾಕಿಕೊಂಡು, ಮೂಗು ತಾಗುವಷ್ಟು ಹತ್ತಿರ ಹೋಗಿ, ದ್ವೀಪವನ್ನು ನೋಡಿದರು. ಅವರ ಭುಜ ಒಂದು ಸಲ ಕುಲುಕಿತು. ಕಾರ್ಯದರ್ಶಿ ಮೈಕ್ ಹಿಡಿದು, "ಆಂಟಿ ಎಮೋಷನಲ್ ಆಗ್ಬಿಟ್ಟಿದ್ದಾರೆ," ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಆಂಟಿ ಮೈಕಿನಲ್ಲಿ ಹೇಳಿದ್ದು ಎರಡೇ ಮಾತು: "ಚಂದ ಉಂಟು."

ಮರುದಿನ ಭಾನುವಾರ ಊಟಕ್ಕೆ ಹೋದೆ. ಆಂಟಿ ಆ ದಿನ ಗಂಜಿ ಮಾಡಿದ್ದರು. ಹಿಂದಿನ ದಿನದ ಪನೀರಿಗೆ ಅದೇ ಮದ್ದು ಎಂದರು. ಮೂರು ಬಾಳೆಲೆ ಹಾಸಿ, ಗಂಜಿಯ ಬಟ್ಟಲಿಟ್ಟು, ಭರಣಿಯಿಂದ ಮಾವಿನ ಮಿಡಿ ಉಪ್ಪಿನಕಾಯಿ ತೆಗೆದು ಅಂಕಲ್‌ನ ಎಲೆಗೆ ಒಂದು ಬಡಿಸಿದರು. ಆಮೇಲೆ ಸೋಫಾದ ಮೇಲಿದ್ದ ಚೌಕಟ್ಟನ್ನು ತಂದು ಎಲೆಯ ಪಕ್ಕದಲ್ಲೇ ಮಲಗಿಸಿದರು.

"ಈಗ ನೋಡಿ."

"ಎಂಥ ನೋಡುವುದು?" ಎಂದರು ಅಂಕಲ್.

"ಎಲೆಯಲ್ಲಿ ಉಪ್ಪಿನಕಾಯಿ ಎಲ್ಲಿ ಬಡಿಸ್ತಾರೆ?"

"ಎಡಗಡೆ ಮೇಲೆ. ಅದಕ್ಕೆಂಥ ಈಗ?"

"ದ್ವೀಪ ಎಲ್ಲಿ ಉಂಟು?"

ನಾನು ಬಗ್ಗಿ ನೋಡಿದೆ. ಎಲೆಯ ಎಡಗಡೆ ಮೇಲೆ ಮಿಡಿ. ಉದ್ದಗೋಲ, ಒಂದು ತುದಿಯಲ್ಲಿ ತೊಟ್ಟು. ಸುತ್ತ ಕೆಂಪು ರಸ ಹರಿದು ನಿಂತಿತ್ತು. ಪಕ್ಕದ ನಕ್ಷೆಯ ಎಡಗಡೆ ಮೇಲೆ ದ್ವೀಪ. ಉದ್ದಗೋಲ, ಒಂದು ತುದಿಯಲ್ಲಿ ಚಾಚು.

"ಬೆಳಗ್ಗೆ ಮಧ್ಯಾಹ್ನ ಗಂಜಿ ಬೇಯಿಸಿಕೊಂಡು ತಿಂದೆ, ಕೂತುಕೊಳ್ಳಲಿಕ್ಕೆ ಒಣ ಜಾಗ ಇರಲಿಲ್ಲ, ತೊಡೆ ಮೇಲೆ ಮ್ಯಾಪಿನ ಹಲಗೆ ಇಟ್ಟು ಊಟ ಮಾಡಿದೆ ಅಂತ ಕಾಗದ ಬರೆದದ್ದು ಯಾರು?" ಎಂದರು ಆಂಟಿ. "ಮಿಡಿಯ ಡಬ್ಬ ಕಟ್ಟಿ ಕಳಿಸಿದ್ದು ನಾನು. ತಟ್ಟೆಯಲ್ಲಿ ಗಂಜಿ, ಅದಕ್ಕೆ ಮಿಡಿ ಹಾಕಿದರೆ ನೀರಾಗ್ತದೆ. ನೀವು ಮಿಡಿ ಎಲ್ಲಿ ಇಟ್ಟಿರಿ?"

ಅಂಕಲ್ ಎಲೆ ನೋಡಿದರು, ನಕ್ಷೆ ನೋಡಿದರು. ಆಮೇಲೆ ಕೆಂಡವಾದರು.

"ನಿಂಗೆ ಮ್ಯಾಪು ಓದ್ಲಿಕ್ಕೆ ಬರ್ತದಾ?"

"ಮಿಡಿ ಓದ್ಲಿಕ್ಕೆ ಬರ್ತದೆ."

"ಒಳಗೆ ಎತ್ತರದ ಗೆರೆ ಉಂಟು! ಉಪ್ಪಿನಕಾಯಿಗೆ ಎತ್ತರ ಇರ್ತದಾ?"

"ಮಿಡಿ ಉಬ್ಬಿಕೊಂಡು ಇರುವುದಲ್ವಾ ಮಾರಾಯ್ರೆ. ತೆಗೆದ ಮೇಲೆ ಒಳಗೊಂದು ಗುರುತು, ಹೊರಗೊಂದು ಗುರುತು. ನನ್ನ ಮೇಜಿನ ಬಟ್ಟೆ ತಂದು ತೋರಿಸ್ಲಾ?"

ಅಂಕಲ್ ನನ್ನ ಕಡೆ ತಿರುಗಿದರು. "ನೀನು ಕಲಿತವಳು. ಪುರಾವೆ ತಾ. ನಾವು ಹಲಗೆಗೆ ಅಂಟಿಸಿಕೊಂಡು ಹೋದ ಆ ಹಾಳೆ ಎಲ್ಲಾದರೂ ಇರ್ತದೆ. ಅದನ್ನು ತರಿಸು. ಅಲ್ಲಿ ಪೆನ್ಸಿಲಿನ ಗೆರೆ ಇದ್ದರೆ ಅವ ಬರೆದದ್ದು ಅಂತ ಅರ್ಥ. ಇಲ್ಲದಿದ್ದರೆ..." ಎಂದು ನಿಲ್ಲಿಸಿ, ಗಂಜಿ ಕುಡಿದರು. ಮಿಡಿ ಮುಟ್ಟಲಿಲ್ಲ.

ಜಾಗಕ್ಕೆ ಹೋಗಿ ತಿದ್ದಿದ ಅಂಥ ಹಳೆಯ ಹಾಳೆಗಳನ್ನು ಇಟ್ಟಿರುವ ಸಂಗ್ರಹಾಲಯಕ್ಕೆ ಬರೆದೆ. ಅಲ್ಲಿಂದ ಮೊದಲು ಒಂದು ಸ್ವಯಂಚಾಲಿತ ಉತ್ತರ ಬಂತು. ನಂತರ, ಸ್ವಯಂಚಾಲಿತ ಉತ್ತರ ತಲುಪಿತೇ ಎಂದು ಕೇಳುವ ಇನ್ನೊಂದು ಸ್ವಯಂಚಾಲಿತ ಉತ್ತರ. ಜೂನ್ ಮೂರನೆಯ ವಾರ ಬಣ್ಣದ ಸ್ಕ್ಯಾನ್ ಬಂತು. ನಾನು ಒಬ್ಬಳೇ ತೆರೆಯಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೇ ಹೋದೆ.

ಕಂದು ಬಣ್ಣಕ್ಕೆ ತಿರುಗಿದ ಹಾಳೆ. ತೊರೆಗಳಿಗೆ ನೀಲಿ ಪೆನ್ಸಿಲು, ದೋಣಿ ಹೊರುವ ದಾರಿಗಳಿಗೆ ಕಪ್ಪು ಪೆನ್ಸಿಲು, ಅಂಚಿನಲ್ಲಿ ಮುಖ್ಯಸ್ಥನ ಚಿಕ್ಕ, ಅಚ್ಚುಕಟ್ಟಾದ ಅಕ್ಷರಗಳು. ಎಡಗಡೆ ಮೇಲೆ ಪೆನ್ಸಿಲಿನ ಗೆರೆ ಇರಲಿಲ್ಲ. ಅಲ್ಲಿ ತುಕ್ಕು ಬಣ್ಣದ ಒಂದು ಕಲೆ, ಅಂಚು ಗಾಢ, ಒಳಗೆ ಇನ್ನೊಂದು ಮಾಸಿದ ಉಂಗುರ. ಆ ಕಾಲದಲ್ಲಿ ತಿದ್ದಿದ ಹಾಳೆಯನ್ನು ಕಪ್ಪು-ಬಿಳುಪು ಫಿಲ್ಮಿನಲ್ಲಿ ಫೋಟೋ ತೆಗೆದು ನಕ್ಷೆ ಬರೆಯುವವನಿಗೆ ಕೊಡುವ ಪದ್ಧತಿಯಿತ್ತು. ಅಂಥ ಫಿಲ್ಮಿಗೆ ಕೆಂಪೂ ಕಪ್ಪೂ ಒಂದೇ. ಎಲ್ಲೋ ದೂರದ ಕಚೇರಿಯಲ್ಲಿ ಕೂತಿದ್ದ ಆ ಮನುಷ್ಯ ಕಾಡಿನಿಂದ ಬಂದ ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ. ಹೊರ ಉಂಗುರಕ್ಕೆ ತೀರ, ಒಳ ಉಂಗುರಕ್ಕೆ ಗುಡ್ಡ. ಪ್ರಶ್ನೆ ಕೇಳಿದ್ದರೆ ಅವನಿಗೂ ಒಂದು ಮೀಟಿಂಗ್ ಆಗುತ್ತಿತ್ತೋ ಏನೋ.

ಆಂಟಿ ನಗಲಿಲ್ಲ. ಅಂಕಲ್ ಪರದೆಯನ್ನೇ ನೋಡುತ್ತಿದ್ದರು.

"ಹಾಗಾದರೆ ಅವ ನನ್ನ ಮಾತು ನಂಬಲೇ ಇಲ್ಲ," ಎಂದರು.

ದ್ವೀಪ ಹೋದದ್ದಕ್ಕೆ ಅವರಿಗೆ ಬೇಸರವಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಹೊಸದಾಗಿ ಬಂದಿದ್ದ ಕಪ್ಪು ಹುಡುಗನೊಬ್ಬ ಮಂಜಿನಲ್ಲಿ ಬೆರಳು ತೋರಿಸಿ ಹೇಳಿದ್ದನ್ನು, ಒಬ್ಬ ಅಮೆರಿಕನ್ ಮುಖ್ಯಸ್ಥ ಮನಸ್ಸಿನಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ನಕ್ಷೆಯಲ್ಲಿ ಬರೆಸಿದ್ದ ಎಂಬುದರ ಮೇಲೆ ಅವರು ಅಷ್ಟೂ ವರ್ಷ ಮನೆ ಕಟ್ಟಿಕೊಂಡಿದ್ದರು. ಕರಡಿ, ಪೈನ್ ಮರ ಎಲ್ಲ ಆ ಮನೆಯ ಅಲಂಕಾರ.

"ಹೋಗುವುದು ಬೇಡ ಬಿಡು," ಎಂದರು. "ಅಲ್ಲಿ ಎಂಥದೂ ಇಲ್ಲ."

"ಬೇಡ ಅಂದರೆ ಹೇಗೆ?" ಎಂದರು ಆಂಟಿ. "ಮ್ಯಾಪಿನಲ್ಲಿ ತೋರಿಸಿದರೆ ಬರ್ತೇನೆ ಅಂತ ಹೇಳಿದ್ದೆ. ತೋರಿಸಿದ್ದೀರಿ. ಸರ್ಕಾರದ ಮ್ಯಾಪು, ಸುಳ್ಳಲ್ಲ. ನೀರಿನಲ್ಲಿ ಉಂಟಾ ಇಲ್ವಾ ಅಂತ ನಾನು ಕೇಳಿರಲಿಲ್ಲ. ಮತ್ತೆ, ಅದು ನನ್ನ ಮಿಡಿ. ಹಾಗಾದರೆ ಜಾಗ ನನ್ನದು. ನನ್ನ ಜಾಗ ನಾನು ನೋಡಬೇಡವಾ?"

"ಬಾತ್‌ರೂಮ್ ಇಲ್ಲ," ಎಂದರು ಅಂಕಲ್, ಮೆಲ್ಲಗೆ.

"ಗೊತ್ತುಂಟು."

ಕಾರ್ಯದರ್ಶಿಯವರಿಗೆ ವಿಷಯ ತಿಳಿಸುವುದು ನನ್ನ ಕರ್ತವ್ಯವೆನಿಸಿ ಫೋನ್ ಮಾಡಿದೆ. "ಅಯ್ಯೋ, ಫಲಕ ವಿಥ್‌ಡ್ರಾ ಮಾಡೋಕಾಗಲ್ಲಮ್ಮ, ಎನ್‌ಗ್ರೇವಿಂಗ್ ಆಗೋಗಿದೆ," ಎಂದರು. "ಮಿನಿಟ್ಸಲ್ಲಿ ಸ್ಟೇಟಸ್ ಏನಂತ ಹಾಕಲಿ?" ಖಚಿತವಿಲ್ಲ ಎಂದು ಹಾಕಿ ಎಂದೆ. ಅದರ ಮೇಲೆ ಒಂದು ಸಭೆ ಕರೆದರು.

ಆಗಸ್ಟ್ ಮೊದಲ ವಾರ ಅವರಿಬ್ಬರೂ ಹೋದರು. ದೋಣಿ ನಡೆಸಲು ಆ ಊರಿನ ಒಬ್ಬಾಕೆಯನ್ನು ಗೊತ್ತುಮಾಡಿಕೊಂಡಿದ್ದರು. ನನಗೆ ಬಂದ ಫೋಟೋದಲ್ಲಿ ಆಂಟಿ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ತೊಡೆಯ ಮೇಲೆ ಡಬ್ಬ ಹಿಡಿದು ಕೂತಿದ್ದಾರೆ. ಹಿಂದೆ ನೀರು, ನೀರಿನಾಚೆ ಕೆನಡಾ. ಮರುದಿನ ಇಬ್ಬರೂ ಸ್ಪೀಕರ್ ಹಾಕಿಕೊಂಡು ಫೋನ್ ಮಾಡಿದರು.

"ಕಂಡಿತಮ್ಮ!" ಎಂದರು ಅಂಕಲ್. "ಬೆಳಗ್ಗೆ ಮಂಜು ಇತ್ತು, ಅದೇ ದಿಕ್ಕು, ಕಪ್ಪು ಬಂಡೆ, ನೀರಿನಿಂದ ಇಷ್ಟು ಮೇಲೆ!"

"ಹಕ್ಕಿ," ಎಂದರು ಆಂಟಿ.

"ಬಂಡೆ!"

"ಬಂಡೆ ಮುಳುಗ್ತದಾ? ನಾನು ನೋಡ್ತಾ ಇದ್ದಹಾಗೆ ಮುಳುಗಿತು."

"ಅಲೆ ಬಂತು ಮಾರಾಯ್ತಿ, ಅಲೆ! ದೋಣಿಯವಳನ್ನು ಕೇಳು."

"ಅವಳಿಗೆ ಮಿಡಿ ತಿಂದು ಕಣ್ಣಲ್ಲಿ ನೀರು. ಅವಳೆಂಥ ನೋಡ್ತಾಳೆ?"

ಫೋನಿಟ್ಟ ಮೇಲೆ ಡೈರಿಯಲ್ಲಿ ಬರೆದುಕೊಂಡೆ: ಬಂಡೆ ಒಂದು ಮತ, ಹಕ್ಕಿ ಒಂದು ಮತ, ತಟಸ್ಥ ಒಂದು.

ನನಗೆ ಇನ್ನೂ ಒಂದು ವಿಷಯ ತಿಳಿದಿಲ್ಲ. ಎರಡನೆಯ ಆವೃತ್ತಿಯ ಹೊತ್ತಿಗೆ ಯಾರೋ ಆ ದ್ವೀಪವನ್ನು ಅಳಿಸಿದ್ದಾರೆ. ಅಳಿಸಬೇಕಾದರೆ ಯಾರೋ ಅಲ್ಲಿಗೆ ಹೋಗಿ ನೋಡಿರಬೇಕು, ಇಲ್ಲವೇ ಹೊಸ ಫೋಟೋದಲ್ಲಿ ಹುಡುಕಿರಬೇಕು. ಅವರಿಗೆ ಅಲ್ಲಿ ಏನೂ ಕಾಣಲಿಲ್ಲವೋ, ಅಥವಾ ಮಿಡಿಯಷ್ಟು ದೊಡ್ಡದಲ್ಲದ, ನಕ್ಷೆಗೆ ಸಾಲದ, ಆದರೆ ಮಂಜಿನಲ್ಲಿ ಒಬ್ಬ ಹುಡುಗನಿಗೆ ಕಾಣಿಸುವಷ್ಟಿದ್ದ ಒಂದು ಬಂಡೆ ಕಂಡಿತೋ? ಅಂಕಲ್‌ಗೆ ಈಗ ದೋಣಿ ಹತ್ತಲು ಆಗುವುದಿಲ್ಲ, ಆದರೆ ಭಾನುವಾರ ಮಜ್ಜಿಗೆಯ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಗಡಿಯ ಆ ಸರೋವರಗಳಲ್ಲಿ ನಕ್ಷೆಯ ಹಲಗೆ ಹೊತ್ತವರು, ಅಂಥವರ ಮನೆಯವರು, ಕರಡು ಹಾಳೆಗಳನ್ನು ತಿದ್ದಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಹಕ್ಕಿ ಎಂದು ಗೊತ್ತಿದ್ದವರೂ ಬರೆಯಬಹುದು. ಆಂಟಿಗೆ ಓದಿ ಹೇಳುತ್ತೇನೆ.